ಎಲೆಕ್ಟ್ರಾನಿಕ್ಸ್ ಮತ್ತು ಎಂಬೆಡೆಡ್ ಕಂಪನಿಗಳಿಗೆ ಬ್ರಿಟನ್ನಿನ ಆರ್ ಅಂಡ್ ಡಿ (ಸಂಶೋಧನೆ ಮತ್ತು ಅಭಿವೃದ್ಧಿ) ತೆರಿಗೆ ರಿಯಾಯಿತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟನ್ನಿನಲ್ಲಿ ಕಾರ್ಪೊರೇಷನ್ ತೆರಿಗೆಯ ವ್ಯಾಪ್ತಿಗೆ ಬರುವ, ಸರ್ಕ್ಯೂಟ್, ಫರ್ಮ್‌ವೇರ್ (ಸಾಧನದೊಳಗಿನ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್), ಸೆನ್ಸರ್, ರೇಡಿಯೊ, ಪವರ್ ಸಪ್ಲೈ ಇಂಥವನ್ನು ವಿನ್ಯಾಸ ಮಾಡುವ ಕಂಪನಿಗಳಿಗೆ ಈ ಉತ್ತರಗಳು. ಇಲ್ಲಿ ಹೇಳಿರುವುದು 2024ರ ಏಪ್ರಿಲ್ 1ರಂದು ಅಥವಾ ಅದರ ನಂತರ ಶುರುವಾದ ಲೆಕ್ಕಪತ್ರ ಅವಧಿಗಳ ನಿಯಮ. ಜನವರಿಯಿಂದ ಡಿಸೆಂಬರ್ ಲೆಕ್ಕ ಇಡುವವರಿಗೆ ಮೊದಲ ಅವಧಿ 2025ರ ಜನವರಿ 1ರಿಂದ.

ಕೈಗೆ ನಿಜವಾಗಿ ಎಷ್ಟು ಹಣ ಸಿಗುತ್ತದೆ?

ಅರ್ಹ ವೆಚ್ಚದ ಶೇ 20ರಷ್ಟು ಕ್ರೆಡಿಟ್, ಅಂದರೆ ತೆರಿಗೆಯಲ್ಲಿ ಕಳೆಯುವ ಅಥವಾ ನಗದಾಗಿ ಸಿಗುವ ಮೊತ್ತ. ಆದರೆ ಆ ಕ್ರೆಡಿಟ್ಟನ್ನೇ ಆದಾಯವೆಂದು ಪರಿಗಣಿಸಿ ಅದರ ಮೇಲೆ ತೆರಿಗೆ ಹಾಕುತ್ತಾರೆ. ಲಾಭ 2,50,000 ಪೌಂಡ್ ದಾಟಿ ಶೇ 25 ತೆರಿಗೆ ಕಟ್ಟುವ ಕಂಪನಿಗೆ ಉಳಿಯುವುದು ಶೇ 15. ನಷ್ಟದಲ್ಲಿರುವ ಕಂಪನಿಗೆ ಶೇ 19ರ ದರದಲ್ಲಿ ಕಳೆದು ಶೇ 16.2 ಉಳಿಯುತ್ತದೆ.

ಲೆಕ್ಕ ತಿಳಿಯಲಿ ಎಂದು ಒಂದು ಕಲ್ಪಿತ ಉದಾಹರಣೆ. ಆರ್ ಅಂಡ್ ಡಿಗೆ ಸೇರುವ ಸಂಬಳದ ಪಾಲು 2,10,000 ಪೌಂಡ್. ಹೊರಗಿನ ವಿನ್ಯಾಸಕರಿಗೆ ಕೊಟ್ಟದ್ದು 40,000. ಅದರಲ್ಲಿ ಶೇ 65 ಮಾತ್ರ ಲೆಕ್ಕಕ್ಕೆ, ಅಂದರೆ 26,000. ಪ್ರೊಟೊಟೈಪ್ ಬೋರ್ಡು ಮತ್ತು ಬಿಡಿಭಾಗ 18,000, ಸಾಫ್ಟ್‌ವೇರ್ ಪರವಾನಗಿ 6,000, ಕ್ಲೌಡ್ 2,000. ಒಟ್ಟು 2,62,000. ಕ್ರೆಡಿಟ್ 52,400, ಶೇ 25 ತೆರಿಗೆ 13,100 ಹೋದರೆ ಉಳಿಯುವುದು 39,300 ಪೌಂಡ್.

ಮಾರುಕಟ್ಟೆಯಲ್ಲಿ ಇಲ್ಲದ ಹೊಸ ಸಾಧನ ಮಾಡಿದ್ದೇವೆ. ಅಷ್ಟು ಸಾಲದೆ?

ಸಾಲದು. ಅತಿ ಹೆಚ್ಚು ಕ್ಲೇಮುಗಳು ಎಡವುವುದು ಇಲ್ಲೇ. ಕಾನೂನು ನೋಡುವುದು ಉತ್ಪನ್ನ ಹೊಸದೇ ಎಂದಲ್ಲ. ವಿಜ್ಞಾನ, ಹೊಸಶೋಧ ಮತ್ತು ತಂತ್ರಜ್ಞಾನ ಇಲಾಖೆಯ ಮಾರ್ಗಸೂಚಿ ಎರಡು ಸಂಗತಿ ಕೇಳುತ್ತದೆ. ಆ ತಂತ್ರಜ್ಞಾನ ಕ್ಷೇತ್ರದ ಒಟ್ಟಾರೆ ತಿಳಿವಳಿಕೆ ಅಥವಾ ಸಾಮರ್ಥ್ಯವನ್ನು ಮುಂದಕ್ಕೊಯ್ಯಲು ನೀವು ಪ್ರಯತ್ನಿಸಿದ್ದೀರಾ? ಆ ದಾರಿಯಲ್ಲಿ, ಕ್ಷೇತ್ರದ ನುರಿತ ಎಂಜಿನಿಯರ್ ಕೂಡ ಸುಲಭವಾಗಿ ಉತ್ತರ ಹೇಳಲಾಗದಂಥ ತಾಂತ್ರಿಕ ಅನಿಶ್ಚಿತತೆ ಎದುರಾಗಿತ್ತೇ?

ಹಾಲಿನ ಡೇರಿಗೆ ಮೊದಲ ಬಾರಿ ನಿಸ್ತಂತು ತಾಪಮಾನ ಮಾಪಕ ಮಾಡಿಕೊಟ್ಟಿರಬಹುದು. ಚಿಪ್ ತಯಾರಕರ ಮಾದರಿ ವಿನ್ಯಾಸವನ್ನೇ ತೆಗೆದುಕೊಂಡು, ಸಿದ್ಧ ರೇಡಿಯೊ ಮಾಡ್ಯೂಲ್ ಕೂರಿಸಿ, ಆ್ಯಪ್ ಬರೆದಿದ್ದರೆ ಅದು ಒಳ್ಳೆಯ ವ್ಯಾಪಾರ. ಆರ್ ಅಂಡ್ ಡಿ ಅಲ್ಲ. ಅದೇ ಮಾಪಕ ಸ್ಟೀಲ್ ಟ್ಯಾಂಕಿನ ಒಳಗಿನಿಂದ ಸಿಗ್ನಲ್ ಕಳಿಸಬೇಕು, ಅದಕ್ಕೆ ಗೊತ್ತಿರುವ ಯಾವ ವಿಧಾನವೂ ಸಾಲುತ್ತಿಲ್ಲ ಎಂದಾದರೆ ಮಾತು ಬೇರೆ.

ನಿಮ್ಮ ತಂಡಕ್ಕೆ ಗೊತ್ತಿರಲಿಲ್ಲ ಎಂಬುದು ಅನಿಶ್ಚಿತತೆಯಲ್ಲ. ಡೇಟಾಶೀಟ್, ಅಪ್ಲಿಕೇಷನ್ ನೋಟ್, ಪ್ರಕಟಿತ ಪ್ರಬಂಧಗಳಲ್ಲಿ ಉತ್ತರವಿದ್ದರೆ ಅದನ್ನು ಓದಿ ಕಲಿತ ಸಮಯ ಲೆಕ್ಕಕ್ಕೆ ಬರುವುದಿಲ್ಲ. ಪ್ರತಿಸ್ಪರ್ಧಿ ಸಾಧಿಸಿದ್ದು ವ್ಯಾಪಾರ ರಹಸ್ಯವಾಗಿ ಉಳಿದಿದ್ದರೆ ಮಾತ್ರ ನೀವು ಸ್ವತಂತ್ರವಾಗಿ ಮಾಡಿದ ಅದೇ ಸಾಧನೆ ಅರ್ಹವಾಗಬಲ್ಲದು.

ನಾವು ಬಳಸುವ ಬಿಡಿಭಾಗಗಳೆಲ್ಲ ಯಾರು ಬೇಕಾದರೂ ಕೊಳ್ಳಬಹುದಾದವು. ಆಗಲೂ ಅರ್ಹತೆ ಇದೆಯೇ?

ಇರಬಹುದು. ಎಲೆಕ್ಟ್ರಾನಿಕ್ಸ್‌ನವರು ಮಾರ್ಗಸೂಚಿಯಲ್ಲಿ ಮೊದಲು ಓದಬೇಕಾದ ಭಾಗವೇ ಇದು. ಅಲ್ಲಿ ವ್ಯವಸ್ಥೆಯ ಅನಿಶ್ಚಿತತೆ ಎಂಬ ವಿಚಾರವನ್ನು ವಿವರಿಸಲು ಎಲೆಕ್ಟ್ರಾನಿಕ್ ಸಾಧನಗಳನ್ನೇ ಉದಾಹರಣೆಯಾಗಿ ಕೊಟ್ಟಿದ್ದಾರೆ: ಒಂದೊಂದು ಚಿಪ್ಪಿನ ಗುಣವೂ ನಿಗದಿಯಾಗಿದ್ದರೂ, ಅವುಗಳನ್ನು ಹೇಗೆ ಜೋಡಿಸಿದರೆ ಬೇಕಾದ ಪರಿಣಾಮ ಸಿಗುತ್ತದೆ ಎಂಬುದು ಅನಿಶ್ಚಿತವಾಗಿರಬಹುದು. ಅದರ ಬೆನ್ನಿಗೇ ಎಚ್ಚರಿಕೆಯೂ ಇದೆ. ಗೊತ್ತಿರುವ ಮಾದರಿಯಲ್ಲಿ, ರೂಢಿಯ ವಿಧಾನದಲ್ಲಿ ಜೋಡಿಸಿದರೆ ಅನಿಶ್ಚಿತತೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಆದ್ದರಿಂದ ‘ಸಂಯೋಜನೆ ಕಷ್ಟವಾಯಿತು’ ಎಂದು ಬರೆದರೆ ಏನೂ ಹೇಳಿದಂತಾಗುವುದಿಲ್ಲ. ಉದಾಹರಣೆಗೆ, ಎರಡು ರೇಡಿಯೊಗಳು 2.4 ಗಿಗಾಹರ್ಟ್ಸ್‌ನಲ್ಲೇ ಇದ್ದು, 30 ಮಿಲಿಮೀಟರ್ ಬೋರ್ಡಿನಲ್ಲಿ ಎರಡು ಆಂಟೆನಾಗಳ ನಡುವೆ ಬೇಕಾದಷ್ಟು ಡೆಸಿಬೆಲ್ ಪ್ರತ್ಯೇಕತೆ ಸಿಗಲಿಲ್ಲ. ಸಮಯ ಹಂಚಿಕೆ ಮಾಡಿದರೆ ಆಡಿಯೊ ವಿಳಂಬದ ಮಿತಿ ಮೀರುತ್ತಿತ್ತು. ಹೀಗೆ ಎರಡು ಬೇಡಿಕೆಗಳು ಒಂದನ್ನೊಂದು ಎಲ್ಲಿ ತಡೆದವು ಎಂದು ಅಂಕಿಯಲ್ಲಿ ತೋರಿಸಿ.

ಬರೀ ಫರ್ಮ್‌ವೇರ್ ಕೆಲಸ ಸೇರುತ್ತದೆಯೇ?

ಸೇರಬಹುದು. ಡ್ರೈವರ್ ಬರೆಯುವುದು, ಆರ್‌ಟಿಒಎಸ್ (ಸಮಯಕ್ಕೆ ಸರಿಯಾಗಿ ಕೆಲಸ ನಡೆಸುವ ಪುಟ್ಟ ಆಪರೇಟಿಂಗ್ ಸಿಸ್ಟಂ) ಹೊಸ ಮೈಕ್ರೊಕಂಟ್ರೋಲರಿಗೆ ತರುವುದು, ದೋಷ ತಿದ್ದುವುದು, ಪರದೆಯ ಮೆನು ಕಟ್ಟುವುದು ಸಾಮಾನ್ಯವಾಗಿ ರೂಢಿಯ ಕೆಲಸ. ಎಷ್ಟು ವಾರ ಹಿಡಿಯಿತು ಎಂಬುದು ಮುಖ್ಯವಲ್ಲ.

ಗಟ್ಟಿ ಉದಾಹರಣೆ ಬೇಕೆಂದರೆ ಬ್ಯಾಟರಿ ನಿರ್ವಹಣೆ ನೋಡಿ. ಲಿಥಿಯಂ ಐರನ್ ಫಾಸ್ಫೇಟ್ ಕೋಶದ ವೋಲ್ಟೇಜು ಚಾರ್ಜಿನ ಬಹುಪಾಲು ವ್ಯಾಪ್ತಿಯಲ್ಲಿ 3.2ರಿಂದ 3.3 ವೋಲ್ಟ್ ನಡುವೆ ಬಹುತೇಕ ಸಮತಟ್ಟಾಗಿರುತ್ತದೆ. ವೋಲ್ಟೇಜ್ ನೋಡಿ ಉಳಿದ ಚಾರ್ಜ್ ಹೇಳಲಾಗದು. ಕರೆಂಟನ್ನು ಕೂಡುತ್ತಾ ಹೋದರೆ ಸೆನ್ಸರಿನ ಸಣ್ಣ ಆಫ್‌ಸೆಟ್ ದಿನದಿಂದ ದಿನಕ್ಕೆ ಬೆಳೆಯುತ್ತದೆ. ತಪ್ಪು ಬೆರೆತ ಅಳತೆಗಳಿಂದ ನಿಜ ಮೌಲ್ಯ ಅಂದಾಜಿಸುವ ಕಾಲ್ಮನ್ ಫಿಲ್ಟರ್ ಬಳಸುವುದು ಎಲ್ಲರಿಗೂ ಗೊತ್ತು, ಅದೊಂದೇ ಸಾಧನೆಯಲ್ಲ. ಆದರೆ ಎಂದೂ ಪೂರ್ತಿ ಚಾರ್ಜ್ ಆಗದ ಬಳಕೆಯಲ್ಲಿ, ಶೂನ್ಯಕ್ಕಿಂತ ಕೆಳಗಿನ ತಾಪಮಾನದಲ್ಲಿ, ಫ್ಲೋಟಿಂಗ್ ಪಾಯಿಂಟ್ ಇಲ್ಲದ ಪುಟ್ಟ ಕಂಟ್ರೋಲರಿನಲ್ಲಿ ದೋಷವನ್ನು ಕಟ್ಟಿಹಾಕುವ ದಾರಿ ಪ್ರಕಟಿತ ಜ್ಞಾನದಲ್ಲಿಲ್ಲ ಎಂದು ತೋರಿಸಿದರೆ ಕ್ಲೇಮು ನಿಲ್ಲುತ್ತದೆ.

ಚಿಪ್ ಸಿಗದೆ ಬೇರೆ ಚಿಪ್ಪಿಗೆ ವಿನ್ಯಾಸ ಬದಲಿಸಿದೆವು. ಅದು?

ಸಾಮಾನ್ಯವಾಗಿ ಇಲ್ಲ. ಪಿನ್ ಹೊಂದಾಣಿಕೆ, ಡ್ರೈವರ್ ಬದಲಾವಣೆ, ಮರುಪರೀಕ್ಷೆ ಎಲ್ಲವೂ ಗೊತ್ತಿರುವ ಹಾದಿ. ಬದಲಿ ಭಾಗದಿಂದ ಮೂಲ ವಿನ್ಯಾಸದ ಒಂದು ಗುಣ ಕೈತಪ್ಪಿ, ಅದನ್ನು ಮರಳಿ ಗಳಿಸಲು ಹೊಸ ಪ್ರಯೋಗ ಬೇಕಾಗಿದ್ದರೆ ಆ ತುಂಡನ್ನು ಮಾತ್ರ ಸೇರಿಸಿ.

ಇಎಂಸಿ (ವಿದ್ಯುತ್ಕಾಂತೀಯ ಹೊಂದಾಣಿಕೆ) ಪರೀಕ್ಷೆಯ ಖರ್ಚು?

ಇಲ್ಲಿ ಎರಡು ಕೆಲಸ ಬೆರೆತುಹೋಗುತ್ತವೆ. ಮುಗಿದ ಉತ್ಪನ್ನವನ್ನು ಸಿಇ ಅಥವಾ ಯುಕೆಸಿಎ ಗುರುತಿಗಾಗಿ ಪಾಸೋ ಫೇಲೋ ಎಂದು ಅಳೆಯುವುದು ನಿಯಮ ಪಾಲನೆ, ಅದನ್ನು ಬಿಡಿ. 150 ಕಿಲೊಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್ ನಡುವೆ ಕನ್ವರ್ಟರಿನ ಗದ್ದಲ ಮಿತಿ ಮೀರಿ, ಸ್ವಿಚಿಂಗ್ ವೇಗ ತಗ್ಗಿಸಿದರೆ ಬಿಸಿ ಏರುತ್ತದೆ, ಫಿಲ್ಟರ್ ದೊಡ್ಡದು ಮಾಡಿದರೆ ಪೆಟ್ಟಿಗೆಯಲ್ಲಿ ಜಾಗವಿಲ್ಲ ಎಂಬ ಇಕ್ಕಟ್ಟಿನಲ್ಲಿ ಕಾರಣ ಹುಡುಕಲು ಮಾಡಿದ ಅಳತೆಗಳು ಬೇರೆ ಜಾತಿಯವು. ಫೆರೈಟ್ ಮಣಿ ಹಾಕಿ ಸರಿಹೋಯಿತು ಎಂದರೆ ಅದು ಮತ್ತೆ ರೂಢಿಯ ಕೆಲಸವೇ.

ಹಣದ ಲೆಕ್ಕದಲ್ಲೂ ಒಂದು ಬಲೆ ಇದೆ. ಪ್ರಯೋಗಾಲಯದ ಎಂಜಿನಿಯರುಗಳೇ ನಿಮ್ಮ ಪರವಾಗಿ ಆ ತನಿಖೆ ಮಾಡಿಕೊಟ್ಟರೆ ಹೊರಗುತ್ತಿಗೆ ಎಂದು ಶೇ 65 ಸೇರಿಸಬಹುದು. ಕೊಠಡಿಯನ್ನು ದಿನಬಾಡಿಗೆಗೆ ಪಡೆದು ನಿಮ್ಮವರೇ ಅಳೆದಿದ್ದರೆ ಆ ಬಾಡಿಗೆಗೆ ಅರ್ಹ ವೆಚ್ಚಗಳ ಪಟ್ಟಿಯಲ್ಲಿ ಸ್ಥಳವೇ ಇಲ್ಲ. ನಿಮ್ಮವರ ಸಂಬಳ ಮಾತ್ರ ಸೇರುತ್ತದೆ.

ಯೋಜನೆ ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು ಎಂದು ಹೇಗೆ ನಿರ್ಧರಿಸುವುದು?

ಅನಿಶ್ಚಿತತೆಯನ್ನು ಬಗೆಹರಿಸುವ ಕೆಲಸ ಆರಂಭವಾದ ದಿನದಿಂದ, ಅದು ಬಗೆಹರಿದ ಅಥವಾ ಕೈಬಿಟ್ಟ ದಿನದವರೆಗೆ. ಮಾರುಕಟ್ಟೆ ಅಧ್ಯಯನ, ಗ್ರಾಹಕರ ಬೇಡಿಕೆ ಪಟ್ಟಿ ಅದಕ್ಕೆ ಮೊದಲಿನವು. ಉತ್ಪಾದನಾ ಫಿಕ್ಸ್ಚರ್, ಪ್ಯಾಕಿಂಗ್, ಬಳಕೆದಾರರ ಕೈಪಿಡಿ ನಂತರದವು. ಮೂರನೇ ಆವೃತ್ತಿಯ ಬೋರ್ಡಿನಲ್ಲಿ ಸಮಸ್ಯೆ ಬಗೆಹರಿದಿದ್ದು, ನಾಲ್ಕನೆಯದು ಕನೆಕ್ಟರ್ ಜಾಗ ಬದಲಿಸಲು ಮಾತ್ರ ಎಂದಾದರೆ ಗೆರೆ ಮೂರಕ್ಕೇ ಎಳೆಯಿರಿ. ಪ್ರಾಮಾಣಿಕವಾಗಿ ಎಳೆದ ಈ ಗೆರೆ ಉಳಿದ ಕ್ಲೇಮಿನ ಮೇಲೂ ನಂಬಿಕೆ ಹುಟ್ಟಿಸುತ್ತದೆ.

ಯೋಜನೆ ಸೋತುಹೋಯಿತು. ಕ್ಲೇಮು ಮಾಡಬಹುದೇ?

ಖಂಡಿತ. ಗೆಲ್ಲಲೇಬೇಕೆಂಬ ಷರತ್ತಿಲ್ಲ. ಏನನ್ನು ಪ್ರಯತ್ನಿಸಿದಿರಿ, ಏಕೆ ಕೆಲಸ ಮಾಡಲಿಲ್ಲ ಎಂಬ ಅಳತೆಗಳು ಅನಿಶ್ಚಿತತೆಗೆ ಒಳ್ಳೆಯ ಸಾಕ್ಷಿ. ಹಾಳಾದ ಬೋರ್ಡುಗಳ ಫೋಟೊ, ಆಸಿಲೊಸ್ಕೋಪ್ ಚಿತ್ರಗಳನ್ನು ಅಳಿಸಬೇಡಿ.

ಸಂಬಳದಲ್ಲಿ ಏನೇನು ಸೇರುತ್ತದೆ?

ಒಟ್ಟು ಸಂಬಳ, ಕಂಪನಿ ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ (ಸಾಮಾಜಿಕ ಭದ್ರತಾ ವಂತಿಗೆ), ಕಂಪನಿಯ ಪಿಂಚಣಿ ವಂತಿಗೆ. ಕಾರು, ಆರೋಗ್ಯ ವಿಮೆಯಂಥ ಸೌಲಭ್ಯಗಳು ಇಲ್ಲ. ಎಂಜಿನಿಯರ್ ಶೇ 60 ಸಮಯ ಅನಿಶ್ಚಿತತೆ ಬಗೆಹರಿಸುವುದರಲ್ಲಿ ಕಳೆದಿದ್ದರೆ ಶೇ 60 ಮಾತ್ರ ಸೇರಿಸಿ. ಎಲ್ಲ ಎಂಜಿನಿಯರುಗಳಿಗೂ ಶೇ 90, ಎಲ್ಲ ವರ್ಷವೂ ಶೇ 90 ಎಂದು ಹಾಕಿದ ಪಟ್ಟಿ ನೋಡಿದ ತಕ್ಷಣ ತನಿಖಾಧಿಕಾರಿಗೆ ಪ್ರಶ್ನೆ ಏಳುತ್ತದೆ.

ಸಣ್ಣ ಕಂಪನಿಗಳ ನಿರ್ದೇಶಕರು ಕಡಿಮೆ ಸಂಬಳ, ಹೆಚ್ಚು ಡಿವಿಡೆಂಡ್ ತೆಗೆದುಕೊಳ್ಳುವುದುಂಟು. ಡಿವಿಡೆಂಡ್ ಸಂಬಳವಲ್ಲ, ಒಂದು ಪೌಂಡೂ ಸೇರುವುದಿಲ್ಲ. ಹಗಲೂ ರಾತ್ರಿ ವಿನ್ಯಾಸ ಮಾಡಿದ ಸ್ಥಾಪಕರಿಗೆ ಇದು ನೋವಿನ ಸಂಗತಿಯೇ, ಆದರೂ ನಿಯಮ ಅದು.

ಸಂಬಳ ಯಾವ ಕಂಪನಿಯ ಪಟ್ಟಿಯಲ್ಲಿದೆ ಎಂದೂ ನೋಡಿ. ಗ್ರಿಪಲ್ ಪ್ರಕರಣದಲ್ಲಿ ಆರ್ ಅಂಡ್ ಡಿ ಮಾಡಿದ ನಿರ್ದೇಶಕರಿಗೆ ಸಂಬಳ ಕೊಡುತ್ತಿದ್ದದ್ದು ಅದೇ ಗುಂಪಿನ ಬೇರೆ ಕಂಪನಿ. ಆ ವೆಚ್ಚವನ್ನು ಸಿಬ್ಬಂದಿ ವೆಚ್ಚವೆಂದು ಸೇರಿಸಲು 2010ರಲ್ಲಿ ಹೈಕೋರ್ಟ್ ಒಪ್ಪಲಿಲ್ಲ.

ಬೋರ್ಡು, ಬಿಡಿಭಾಗ, ಉಪಕರಣಗಳಲ್ಲಿ ಯಾವುದು ಹೌದು, ಯಾವುದು ಅಲ್ಲ?

ಪ್ರಯೋಗದಲ್ಲಿ ಬಳಸಿ ಮುಗಿದದ್ದು ಹೌದು. ಪ್ರೊಟೊಟೈಪ್ ಪಿಸಿಬಿ, ಅದರ ಮೇಲೆ ಕೂತ ಬಿಡಿಭಾಗ, ಸೋಲ್ಡರ್ ಪೇಸ್ಟ್, ಸುಟ್ಟುಹೋದ ಟ್ರಾನ್ಸಿಸ್ಟರು, ಪ್ರಯೋಗದ ಬೆಂಚಿನ ವಿದ್ಯುತ್ತಿನ ಸಮಂಜಸ ಪಾಲು. ಕನಿಷ್ಠ ಆರ್ಡರ್ 3,000 ಎಂದು ಪೂರ್ತಿ ರೀಲು ಕೊಂಡು 40 ಬಳಸಿದ್ದರೆ 40ರ ಬೆಲೆ ಮಾತ್ರ. ಉಳಿದ 2,960 ದಾಸ್ತಾನು.

ಮಾರಿದರೆ ಕಥೆ ಬದಲು. ಹತ್ತು ಪ್ರೊಟೊಟೈಪ್ ಮಾಡಿ, ಮೂರನ್ನು ಗ್ರಾಹಕರಿಗೆ ಎಂದಿನ ವ್ಯಾಪಾರದಂತೆ ಮಾರಿದರೆ ಆ ಮೂರರಲ್ಲಿ ಸೇರಿದ ಸಾಮಗ್ರಿಯ ವೆಚ್ಚ ಹೊರಗೆ. ಅವುಗಳ ಮೇಲೆ ಎಂಜಿನಿಯರುಗಳು ಕಳೆದ ಸಮಯಕ್ಕೆ ಈ ನಿರ್ಬಂಧ ಇಲ್ಲ. ಪ್ರತಿ ಪ್ರೊಟೊಟೈಪಿಗೂ ಸೀರಿಯಲ್ ನಂಬರ್ ಕೊಟ್ಟು, ಕೊನೆಗೆ ಅದು ಎಲ್ಲಿಗೆ ಹೋಯಿತು ಎಂದು ಬರೆದಿಡಿ: ಕಸಕ್ಕೆ, ಕಪಾಟಿಗೆ, ಗ್ರಾಹಕರಿಗೆ. ಒಂದು ಸಣ್ಣ ಕೋಷ್ಟಕ ಸಾಕು.

ಮತ್ತೆ ಮತ್ತೆ ಬಳಸುವ ಡೆವಲಪ್‌ಮೆಂಟ್ ಬೋರ್ಡು, ಡೀಬಗರ್, ಸ್ಪೆಕ್ಟ್ರಮ್ ಅನಲೈಸರ್, ತಾಪಮಾನ ಕೊಠಡಿ ಬಳಸಿ ಮುಗಿಯುವಂಥವಲ್ಲ. ಬಂಡವಾಳ ವೆಚ್ಚ ಈ ಕ್ರೆಡಿಟ್ಟಿಗೆ ಬರುವುದಿಲ್ಲ. ಆದರೆ ಆರ್ ಅಂಡ್ ಡಿಗಾಗಿಯೇ ಕೊಂಡ ಉಪಕರಣಕ್ಕೆ ಮೊದಲ ವರ್ಷವೇ ಶೇ 100 ಕಡಿತ ಕೊಡುವ ಪ್ರತ್ಯೇಕ ರಿಸರ್ಚ್ ಅಂಡ್ ಡೆವಲಪ್‌ಮೆಂಟ್ ಅಲೊವೆನ್ಸ್ ಇದೆ. ಪಿಸಿಬಿ ವಿನ್ಯಾಸ ಸಾಫ್ಟ್‌ವೇರ್, ಕಂಪೈಲರ್, ಸಿಮ್ಯುಲೇಟರ್ ಪರವಾನಗಿ ಬಳಕೆಯ ಪಾಲಿನಷ್ಟು ಸೇರುತ್ತವೆ. ಕಟ್ಟಡದ ಬಾಡಿಗೆ, ಪೇಟೆಂಟ್ ಶುಲ್ಕ ಸೇರುವುದಿಲ್ಲ.

ಗ್ರಾಹಕರ ಹಣದಲ್ಲಿ ವಿನ್ಯಾಸ ಮಾಡಿಕೊಡುತ್ತೇವೆ. ಕ್ಲೇಮು ಯಾರದ್ದು?

ಒಪ್ಪಂದ ಮಾಡಿಕೊಳ್ಳುವ ಹೊತ್ತಿನಲ್ಲಿ ಆರ್ ಅಂಡ್ ಡಿ ನಡೆಯಬೇಕೆಂದು ಗ್ರಾಹಕ ಉದ್ದೇಶಿಸಿದ್ದನೇ ಅಥವಾ ನಿರೀಕ್ಷಿಸಿದ್ದನೇ ಎಂಬುದೇ ಪ್ರಶ್ನೆ. ಹೌದಾದರೆ ಕ್ಲೇಮು ಗ್ರಾಹಕನದು. ಗ್ರಾಹಕ ‘ಈ ಗಾತ್ರದ, ಈ ಬೆಲೆಯ ಮೋಟಾರ್ ನಿಯಂತ್ರಕ ಕೊಡಿ’ ಎಂದಷ್ಟೇ ಹೇಳಿ, ಒಳಗೆ ಸಂಶೋಧನೆ ಬೇಕೆಂದು ನೀವೇ ನಿರ್ಧರಿಸಿ, ಅದರ ಅಪಾಯವನ್ನು ನೀವೇ ಹೊತ್ತಿದ್ದರೆ ಕ್ಲೇಮು ನಿಮ್ಮದು. ಗ್ರಾಹಕ ಬ್ರಿಟನ್ನಿನ ತೆರಿಗೆಗೆ ಒಳಪಡದ ವಿದೇಶಿ ಕಂಪನಿ, ವಿಶ್ವವಿದ್ಯಾಲಯ ಅಥವಾ ದತ್ತಿ ಸಂಸ್ಥೆಯಾಗಿದ್ದರೂ ನೀವು ಕ್ಲೇಮು ಮಾಡಬಹುದು.

ಇದನ್ನು ಕೆಲಸ ಮುಗಿದ ಮೇಲೆ ವಾದಿಸುವ ಬದಲು ಒಪ್ಪಂದದಲ್ಲೇ ಒಂದು ವಾಕ್ಯ ಬರೆಸಿ. ಇಬ್ಬರೂ ಒಂದೇ ಕೆಲಸಕ್ಕೆ ಕ್ಲೇಮು ಹಾಕಿದರೆ ಇಬ್ಬರಿಗೂ ತನಿಖೆ ತಪ್ಪಿದ್ದಲ್ಲ.

ಫರ್ಮ್‌ವೇರ್ ತಂಡ ಬೆಂಗಳೂರಿನಲ್ಲಿದೆ. ಆ ವೆಚ್ಚ ಸೇರಿಸಬಹುದೇ?

ಬೆಂಗಳೂರಿನ ಕಂಪನಿಗೆ ಹೊರಗುತ್ತಿಗೆ ಕೊಟ್ಟಿದ್ದರೆ, ಅದು ನಿಮ್ಮದೇ ಅಂಗಸಂಸ್ಥೆಯಾಗಿದ್ದರೂ, ಸಾಮಾನ್ಯವಾಗಿ ಇಲ್ಲ. ವಿದೇಶದಲ್ಲಿ ನಡೆದ ಹೊರಗುತ್ತಿಗೆ ಮತ್ತು ಹೊರಗಿನಿಂದ ಪಡೆದ ಕೆಲಸಗಾರರ ವೆಚ್ಚ ಸೇರಬೇಕಾದರೆ ಆ ಸಂಶೋಧನೆಗೆ ಬೇಕಾದ ಪರಿಸ್ಥಿತಿ ಬ್ರಿಟನ್ನಿನಲ್ಲಿ ಇರಬಾರದು, ಆ ವಿದೇಶದಲ್ಲಿ ಇರಬೇಕು, ಬ್ರಿಟನ್ನಿನಲ್ಲಿ ಅದನ್ನು ಸೃಷ್ಟಿಸುವುದು ತೀರಾ ಅಸಮಂಜಸವಾಗಿರಬೇಕು. ವೆಚ್ಚ ಕಡಿಮೆ, ಎಂಜಿನಿಯರುಗಳು ಸಿಗುತ್ತಾರೆ ಎಂಬ ಎರಡು ಕಾರಣಗಳನ್ನು ಕಾನೂನೇ ಹೆಸರಿಸಿ ತಳ್ಳಿಹಾಕಿದೆ. ಎಂಬೆಡೆಡ್ ಕೆಲಸವನ್ನು ಭಾರತಕ್ಕೆ ಕಳಿಸುವವರ ಕಾರಣಗಳು ಬಹುಪಾಲು ಇವೆರಡೇ.

ಬ್ರಿಟನ್ನಿನ ಕಂಪನಿಯೇ ನೇರವಾಗಿ ನೇಮಿಸಿಕೊಂಡ ಉದ್ಯೋಗಿ ವಿದೇಶದಲ್ಲಿ ಕೂತು ಕೆಲಸ ಮಾಡಿದರೆ ಈ ನಿರ್ಬಂಧ ಅನ್ವಯಿಸದು. ಹಾಗೆಂದು ಕಾಗದದ ಮೇಲೆ ನೇಮಕ ಬದಲಿಸುವ ಮುನ್ನ ಎರಡೂ ದೇಶಗಳ ತೆರಿಗೆ ಸಲಹೆ ಪಡೆಯಿರಿ.

ಉದ್ಯೋಗಿಗಳೇ ಇಲ್ಲ, ಎಲ್ಲರೂ ಗುತ್ತಿಗೆಯವರು. ತೊಂದರೆಯೇ?

ಹೌದು. ನಗದಾಗಿ ಸಿಗುವ ಮೊತ್ತಕ್ಕೆ ಮಿತಿಯಿದೆ: 20,000 ಪೌಂಡ್ ಜೊತೆಗೆ ಕಂಪನಿಯ ಸಂಬಂಧಿತ ಪಿಎವೈಇ (ಸಂಬಳದಲ್ಲಿ ಹಿಡಿದು ಕಟ್ಟುವ ಆದಾಯ ತೆರಿಗೆ) ಮತ್ತು ನ್ಯಾಷನಲ್ ಇನ್ಶೂರೆನ್ಸ್ ಹೊಣೆಯ ಶೇ 300. ಸಂಬಳಪಟ್ಟಿ ಖಾಲಿಯಿದ್ದರೆ ಮಿತಿ 20,000ಕ್ಕೇ ನಿಲ್ಲುತ್ತದೆ. ಬೌದ್ಧಿಕ ಆಸ್ತಿಯನ್ನು ಸ್ವಂತ ಉದ್ಯೋಗಿಗಳೇ ಸೃಷ್ಟಿಸುತ್ತಿದ್ದು, ಸಂಬಂಧಿತ ಕಂಪನಿಗಳಿಗೆ ಕೊಡುವ ಪಾಲು ಶೇ 15 ಮೀರದಿದ್ದರೆ ವಿನಾಯಿತಿ ಇದೆ.

ಸರ್ಕಾರಿ ಅನುದಾನ ಪಡೆದಿದ್ದೇವೆ. ಕ್ಲೇಮು ಕಡಿಮೆಯಾಗುತ್ತದೆಯೇ?

ಸಣ್ಣ ಕಂಪನಿಗಳಿಗಿದ್ದ ಹಳೆಯ ರಿಯಾಯಿತಿಯಲ್ಲಿ ಆಗುತ್ತಿತ್ತು. ಹೊಸ ನಿಯಮದಲ್ಲಿ ಅನುದಾನದ ಕಾರಣಕ್ಕೆ ಕಡಿತವಿಲ್ಲ.

ನಷ್ಟದಲ್ಲಿರುವ ಸಂಶೋಧನಾ ಕಂಪನಿಗೆ ಹೆಚ್ಚು ಸಿಗುತ್ತದಂತೆ?

ಸಿಗುತ್ತದೆ. ಒಟ್ಟು ಸಂಬಂಧಿತ ವೆಚ್ಚದಲ್ಲಿ ಆರ್ ಅಂಡ್ ಡಿ ಪಾಲು ಶೇ 30 ಅಥವಾ ಹೆಚ್ಚಿದ್ದು, 500ಕ್ಕಿಂತ ಕಡಿಮೆ ಸಿಬ್ಬಂದಿಯ ಸಣ್ಣ ಅಥವಾ ಮಧ್ಯಮ ಕಂಪನಿ ನಷ್ಟದಲ್ಲಿದ್ದರೆ ಇಆರ್‌ಐಎಸ್ ಎಂಬ ಬೆಂಬಲ. ವೆಚ್ಚಕ್ಕೆ ಶೇ 86 ಹೆಚ್ಚುವರಿ ಕಡಿತ ಸೇರಿಸಿ, ಒಟ್ಟು ಶೇ 186ರಷ್ಟು ನಷ್ಟವನ್ನು ಬಿಟ್ಟುಕೊಟ್ಟು ಶೇ 14.5ರ ದರದಲ್ಲಿ ನಗದು ಪಡೆಯಬಹುದು. ಮೇಲಿನ 2,62,000ಕ್ಕೆ ಅದು 70,661 ಪೌಂಡ್. ಬಿಟ್ಟುಕೊಡಲು ಅಷ್ಟು ನಷ್ಟ ಇರಬೇಕು, ಅಂದರೆ 4,87,320, ಕಡಿಮೆಯಿದ್ದರೆ ಇರುವಷ್ಟಕ್ಕೇ. ಶೇ 30 ಲೆಕ್ಕ ಹಾಕುವಾಗ ಸಂಬಂಧಿತ ಕಂಪನಿಗಳ ವೆಚ್ಚವೂ ಸೇರುತ್ತದೆ ಎಂಬುದನ್ನು ಮರೆತು ಹಲವರು ಅರ್ಹತೆ ಕಳೆದುಕೊಳ್ಳುತ್ತಾರೆ.

ಗಡುವುಗಳು ಯಾವುವು?

2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರ ಅವಧಿಯನ್ನೇ ತೆಗೆದುಕೊಳ್ಳೋಣ. ಮೊದಲ ಬಾರಿ ಕ್ಲೇಮು ಮಾಡುವವರು, ಅಥವಾ ಹಿಂದಿನ ಕ್ಲೇಮು ಮೂರು ವರ್ಷಕ್ಕಿಂತ ಹಳೆಯದಾಗಿರುವವರು ಅವಧಿ ಮುಗಿದ ಆರು ತಿಂಗಳೊಳಗೆ, ಅಂದರೆ 2025ರ ಸೆಪ್ಟೆಂಬರ್ 30ರೊಳಗೆ, ಬ್ರಿಟನ್ನಿನ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಗೆ ಕ್ಲೇಮು ಮಾಡುತ್ತೇವೆಂಬ ಮುನ್ಸೂಚನೆ ಕೊಟ್ಟಿರಬೇಕಿತ್ತು. ಕ್ಲೇಮಿಗೆ ಎರಡು ವರ್ಷ, 2027ರ ಮಾರ್ಚ್ 31ರವರೆಗೆ. ಎರಡು ವರ್ಷ ಇದೆಯಲ್ಲ ಎಂದು ನೆಮ್ಮದಿಯಾಗಿದ್ದು ಮುನ್ಸೂಚನೆ ತಪ್ಪಿಸಿಕೊಂಡವರಿಗೆ ಆ ವರ್ಷದ ಹಣ ಪೂರ್ತಿ ಹೋಗುತ್ತದೆ. ಲೆಕ್ಕಪತ್ರ ವರ್ಷ ಮುಗಿದ ವಾರವೇ ಅದನ್ನು ಕಳಿಸಿಬಿಡಿ. ಆಗ ಮೊತ್ತ ಹೇಳಬೇಕಾಗಿಲ್ಲ.

ನಂತರ ಹೆಚ್ಚುವರಿ ಮಾಹಿತಿ ನಮೂನೆ. ಇದು ತೆರಿಗೆ ರಿಟರ್ನ್ ಸಲ್ಲಿಸುವ ಮೊದಲು ಅಥವಾ ಅದೇ ದಿನ ಹೋಗಬೇಕು. ರಿಟರ್ನ್ ಮೊದಲು ಹೋದರೆ ಎಚ್‌ಎಂಆರ್‌ಸಿ ಕ್ಲೇಮನ್ನು ರಿಟರ್ನಿನಿಂದ ತೆಗೆದುಹಾಕುತ್ತದೆ. ರಿಟರ್ನಿನಲ್ಲಿ ಸಿಟಿ600ರ (ಕಾರ್ಪೊರೇಷನ್ ತೆರಿಗೆ ನಮೂನೆ) ಜೊತೆ ಆರ್ ಅಂಡ್ ಡಿಗೆಂದೇ ಇರುವ ಸಿಟಿ600ಎಲ್ ಪುಟ ಇರಬೇಕು.

ನಮೂನೆಯಲ್ಲಿ ಯೋಜನೆಯ ವಿವರ ಹೇಗೆ ಬರೆಯುವುದು?

ಮೂರರವರೆಗೆ ಯೋಜನೆಗಳಿದ್ದರೆ ಎಲ್ಲವನ್ನೂ ವಿವರಿಸಬೇಕು. ನಾಲ್ಕರಿಂದ ಹತ್ತಿದ್ದರೆ ಕನಿಷ್ಠ ಮೂರು, ಮತ್ತು ಅವು ಒಟ್ಟು ವೆಚ್ಚದ ಕನಿಷ್ಠ ಅರ್ಧ ಮುಟ್ಟಬೇಕು. ಪ್ರತಿಯೊಂದಕ್ಕೂ ಕ್ಷೇತ್ರ ಯಾವುದು, ಆಗಿದ್ದ ಜ್ಞಾನದ ಮಟ್ಟ ಏನು, ಯಾವ ಮುನ್ನಡೆ ಬಯಸಿದಿರಿ, ಅನಿಶ್ಚಿತತೆ ಏನಿತ್ತು, ಹೇಗೆ ಎದುರಿಸಿದಿರಿ ಎಂದು ಕೇಳುತ್ತಾರೆ. ಇದನ್ನು ಬರೆಯಬೇಕಾದವರು ಎಂಜಿನಿಯರುಗಳು.

ದುರ್ಬಲ ಬರಹ ಹೀಗಿರುತ್ತದೆ: ‘ಹತ್ತು ವರ್ಷ ಬಾಳುವ ನವೀನ ನೀರಿನ ಮೀಟರ್ ಅಭಿವೃದ್ಧಿಪಡಿಸಿದೆವು. ವಿದ್ಯುತ್ ಉಳಿತಾಯ ದೊಡ್ಡ ಸವಾಲಾಗಿತ್ತು.’

ಅದೇ ಯೋಜನೆಯನ್ನು ಹೀಗೆ ಬರೆಯಬಹುದು: ‘ಲಿಥಿಯಂ ಥಯೊನಿಲ್ ಕ್ಲೋರೈಡ್ ಕೋಶ ತಿಂಗಳುಗಟ್ಟಲೆ ಮೈಕ್ರೊಆಂಪಿಯರ್ ಮಟ್ಟದಲ್ಲಿ ಕೂತಾಗ ಲಿಥಿಯಂ ಮೇಲೆ ಕ್ಲೋರೈಡ್ ಪದರ ಕಟ್ಟುತ್ತದೆ. ರೇಡಿಯೊ ಒಮ್ಮೆಲೇ 200 ಮಿಲಿಆಂಪಿಯರ್ ಎಳೆದರೆ ವೋಲ್ಟೇಜ್ ಕುಸಿದು ಕಂಟ್ರೋಲರ್ ರೀಸೆಟ್ ಆಗುತ್ತದೆ. ಪಕ್ಕದಲ್ಲಿ ದೊಡ್ಡ ಕೆಪಾಸಿಟರ್ ಇಡುವುದು ಗೊತ್ತಿರುವ ಪರಿಹಾರ. ಆದರೆ 10 ಮೈಕ್ರೊಆಂಪಿಯರ್ ಸೋರಿಕೆ ಹತ್ತು ವರ್ಷದಲ್ಲಿ 0.88 ಆಂಪಿಯರ್-ಅವರ್ ತಿನ್ನುತ್ತದೆ, ಅಂದರೆ ನಮ್ಮ 2.4 ಆಂಪಿಯರ್-ಅವರ್ ಕೋಶದ ಮೂರನೇ ಒಂದಕ್ಕಿಂತ ಹೆಚ್ಚು. ಕೆಪಾಸಿಟರ್ ಇಲ್ಲದೆ, ಪದರವನ್ನು ಸಣ್ಣ ಪಲ್ಸ್‌ಗಳಿಂದ ನಿಯಂತ್ರಿಸಿ, ಮೈನಸ್ 20 ಡಿಗ್ರಿಯಲ್ಲೂ ರೀಸೆಟ್ ತಪ್ಪಿಸಬಹುದೇ, ಆ ಪಲ್ಸ್‌ಗಳ ಖರ್ಚು ಸೋರಿಕೆಗಿಂತ ಕಡಿಮೆ ಇರುತ್ತದೆಯೇ ಎಂಬುದು ಲಭ್ಯ ಮಾಹಿತಿಯಿಂದ ತಿಳಿಯುವಂತಿರಲಿಲ್ಲ.’

ಎರಡನೆಯದರಲ್ಲಿ ಗೊತ್ತಿದ್ದ ಪರಿಹಾರವನ್ನು ಮುಚ್ಚಿಟ್ಟಿಲ್ಲ, ಅದು ಏಕೆ ಸಾಲದು ಎಂದು ಲೆಕ್ಕ ಸಮೇತ ಹೇಳಿದೆ. ಓದುವ ಅಧಿಕಾರಿ ಎಲೆಕ್ಟ್ರಾನಿಕ್ಸ್ ಕಲಿತವರಲ್ಲದಿದ್ದರೂ ಗೋಡೆ ಎಲ್ಲಿತ್ತು ಎಂದು ಕಾಣುತ್ತದೆ.

ಯಾವ ದಾಖಲೆ ಇಟ್ಟುಕೊಳ್ಳಬೇಕು?

ಎಂಜಿನಿಯರುಗಳು ಹೇಗೂ ಮಾಡುವ ದಾಖಲೆಗಳೇ ಸಾಕು, ದಿನಾಂಕ ಇದ್ದರೆ. ವರ್ಷನ್ ಕಂಟ್ರೋಲ್ ಇತಿಹಾಸ, ಬೋರ್ಡಿನ ಪ್ರತಿ ಆವೃತ್ತಿ ಏಕೆ ಬದಲಾಯಿತು ಎಂಬ ಟಿಪ್ಪಣಿ, ಪರೀಕ್ಷಾ ಫಲಿತಾಂಶ, ವಿನ್ಯಾಸ ಚರ್ಚೆಯ ಇಮೇಲ್. ಇವುಗಳ ಜೊತೆಗೆ ಯೋಜನೆ ಶುರುವಾಗುವಾಗ ಅರ್ಧ ಪುಟ: ಏನು ಗೊತ್ತಿದೆ, ಏನನ್ನು ಹುಡುಕಿ ನೋಡಿದೆವು, ಏನು ಗೊತ್ತಿಲ್ಲ. ಆ ಅರ್ಧ ಪುಟವನ್ನು ಹದಿನೆಂಟು ತಿಂಗಳ ನಂತರ ನೆನಪಿನಿಂದ ಬರೆಯಲು ಹೋದರೆ, ಉತ್ತರ ತಿಳಿದ ಮೇಲೆ ಎಲ್ಲವೂ ಸುಲಭವೆಂದೇ ತೋರುತ್ತದೆ. ಸಮಯಕ್ಕೆ ವಾರಕ್ಕೊಮ್ಮೆ, ಯೋಜನೆವಾರು ತುಂಬಿದ ಟೈಮ್‌ಶೀಟ್ ಸಾಕು. ಆರು ವರ್ಷ ಕಾಪಾಡಿ.

ಎಚ್‌ಎಂಆರ್‌ಸಿಯಿಂದ ತನಿಖೆಯ ಪತ್ರ ಬಂದರೆ?

ಗಾಬರಿಯಾಗಬೇಡಿ, ಗಡುವನ್ನೂ ಮೀರಬೇಡಿ. ರಿಟರ್ನ್ ಸಕಾಲಕ್ಕೆ ಸಲ್ಲಿಸಿದ್ದರೆ ಸಾಮಾನ್ಯವಾಗಿ ಸಲ್ಲಿಸಿದ ದಿನದಿಂದ 12 ತಿಂಗಳೊಳಗೆ ತನಿಖೆ ತೆರೆಯಬಹುದು. ತಾಂತ್ರಿಕ ಪ್ರಶ್ನೆಗಳಿಗೆ ಯೋಜನೆಯನ್ನು ನಡೆಸಿದ ನುರಿತ ಎಂಜಿನಿಯರೇ ಉತ್ತರಿಸಲಿ. ಅವರ ಓದು, ಅನುಭವದ ವಿವರವನ್ನೂ ಜೊತೆಗಿಡಿ. 2024ರ ಗೆಟ್ ಆನ್‌ಬೋರ್ಡ್ ಪ್ರಕರಣದಲ್ಲಿ ತೆರಿಗೆ ನ್ಯಾಯಮಂಡಳಿ ಕಂಪನಿಯ ಪರ ತೀರ್ಪು ಕೊಟ್ಟಿತು. ಅಲ್ಲಿ ತೂಕ ಬಂದದ್ದು ಕೆಲಸ ಬಲ್ಲ ವ್ಯಕ್ತಿ ಕೊಟ್ಟ ಸಾಕ್ಷ್ಯಕ್ಕೆ.

ಒಂದು ಯೋಜನೆ ದುರ್ಬಲವೆಂದು ನಿಮಗೇ ಅನ್ನಿಸಿದರೆ ಅದನ್ನು ಹಿಂತೆಗೆದುಕೊಂಡು ಉಳಿದವನ್ನು ಸಮರ್ಥಿಸಿ. ಅಜಾಗರೂಕತೆಯ ತಪ್ಪಿಗೆ ತೆರಿಗೆ ವ್ಯತ್ಯಾಸದ ಶೇ 30ರವರೆಗೆ ದಂಡವಿದೆ. ತಾವಾಗಿ ಒಪ್ಪಿಕೊಂಡವರಿಗೆ ಅದು ತಗ್ಗುತ್ತದೆ.

ಶೇಕಡಾವಾರು ಕಮಿಷನ್ ಮೇಲೆ ಕ್ಲೇಮು ಮಾಡಿಕೊಡುವ ಏಜೆಂಟರನ್ನು ನಂಬಬಹುದೇ?

ಒಳ್ಳೆಯವರಿದ್ದಾರೆ. ಪರೀಕ್ಷಿಸಲು ಒಂದು ಸುಲಭ ದಾರಿ: ನಿಮ್ಮ ಯಾವ ಯೋಜನೆ ಅರ್ಹವಲ್ಲ ಎಂದು ಮೊದಲ ಭೇಟಿಯಲ್ಲೇ ಕೇಳಿ. ಎಲ್ಲವೂ ಅರ್ಹ ಎಂದರೆ ಎದ್ದು ಬನ್ನಿ. ತನಿಖೆ ಬಂದರೆ ಅದೇ ಶುಲ್ಕದಲ್ಲಿ ಜೊತೆ ನಿಲ್ಲುತ್ತಾರೆಯೇ, ಕ್ಲೇಮು ತಿರಸ್ಕೃತವಾದರೆ ಕಮಿಷನ್ ಮರಳಿಸುತ್ತಾರೆಯೇ ಎಂದು ಬರಹದಲ್ಲಿ ಪಡೆಯಿರಿ. ನಮೂನೆಯಲ್ಲಿ ಏಜೆಂಟರ ಹೆಸರನ್ನೂ, ಆರ್ ಅಂಡ್ ಡಿಗೆ ಹೊಣೆಯಾದ ನಿಮ್ಮ ಹಿರಿಯರೊಬ್ಬರ ಹೆಸರನ್ನೂ ಕೊಡಬೇಕು. ತಪ್ಪು ಹಣ ಬಂದಿದ್ದರೆ ಅದನ್ನು ಮರಳಿಸುವ ಹೊಣೆ ಕಂಪನಿಯದೇ.